ಜಪಾನಿಗೆ ಹೋಗಿ ಯುರೋಪಿನ ಚಿತ್ರ ಯಾಕೆ ನೋಡಬೇಕು ಅಂದವರಿಗೆ

ಈಗಷ್ಟೇ ರೂಮಿಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಗ್ಗೆ ಒಕಾಯಾಮಾದಿಂದ ರೈಲು ಹತ್ತಿ, ಕಾಲು ಗಂಟೆಯಲ್ಲಿ ಕುರಾಶಿಕಿ ಮುಟ್ಟಿದೆವು. ಕಾಲುವೆ, ಬಿಳಿ ಗೋಡೆಯ ಹಳೇ ಉಗ್ರಾಣಗಳು, ನಡುವೆ ಗ್ರೀಕರ ಗುಡಿಯಂಥ ಕಂಬಗಳಿರುವ ಓಹಾರಾ ಕಲಾ ಮ್ಯೂಸಿಯಂ. ಜೊತೆಗಿದ್ದವರು ಕಂಬಗಳ ಮುಂದೆ ಫೋಟೋ ತೆಗೆದುಕೊಂಡರು. "ಒಳಗಿರೋದು ಯುರೋಪಿನ ಚಿತ್ರಗಳಂತೆ. ಅದಕ್ಕೆ ಜಪಾನಿಗೆ ಬರಬೇಕಾ?" ಅಂದವರೇ ಐಸ್‌ಕ್ರೀಂ ಅಂಗಡಿ ಕಡೆ ಹೊರಟರು. ನಾನೊಬ್ಬಳೇ ಒಳಗೆ ಹೋದೆ.

ಆ ಚಿತ್ರಗಳು ಅಲ್ಲಿಗೆ ಬಂದದ್ದೇ ಜಪಾನಿನ ಕಥೆ ಕಣ್ರೀ. ಕೊಜಿಮಾ ತೊರಾಜಿರೊ ಇದೇ ಸೀಮೆಯ ಚಿತ್ರಕಾರರು. ಇಲ್ಲಿನ ನೂಲಿನ ಗಿರಣಿಯ ಓಹಾರಾ ಮಾಗೊಸಾಬುರೊ ಖರ್ಚು ಕೊಟ್ಟು ಅವರನ್ನು ಯುರೋಪಿಗೆ ಕಳಿಸಿದರು. ಬೆಲ್ಜಿಯಂನ ಗೆಂಟ್‌ನಲ್ಲಿ ಕಲಿತರು. ಆಮೇಲೆ, ಅಷ್ಟು ದೂರ ಹೋಗಲಾಗದ ನಮ್ಮ ಕಲಾವಿದರೂ ಅಸಲಿ ಚಿತ್ರ ನೋಡಬೇಕು ಅಂತ ಓಹಾರಾ ಅವರನ್ನು ಒಪ್ಪಿಸಿದರು. 1920ರಲ್ಲಿ ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋಡ್ ಮೋನೆಯ ಮನೆಗೇ ಹೋಗಿ ಚಿತ್ರ ಕೇಳಿದರು. ಒಂದು ತಿಂಗಳು ಬಿಟ್ಟು ಬಾ ಅಂದರಂತೆ. ಮತ್ತೆ ಹೋಗಿ ನೈದಿಲೆಗಳ ಚಿತ್ರ ತಂದರು. 1921ರಲ್ಲಿ ತಂದದ್ದನ್ನೆಲ್ಲ ಕುರಾಶಿಕಿಯ ಪ್ರೈಮರಿ ಶಾಲೆಯಲ್ಲಿ ನೇತುಹಾಕಿದಾಗ ದೂರದ ಊರುಗಳಿಂದ ಜನ ಬಂದರು. ಪ್ರೈಮರಿ ಶಾಲೆಯಲ್ಲಿ!

ನಾನು ಡ್ರಾಯಿಂಗ್ ಟೀಚರ್ ಅಂತ ನಿಮಗೆಲ್ಲ ಗೊತ್ತಲ್ವಾ. ಇಷ್ಟು ವರ್ಷ ಮಕ್ಕಳಿಗೆ ಮೋನೆಯನ್ನು ತೋರಿಸಿದ್ದು ಮೊಬೈಲಿನಲ್ಲಿ. ಇವತ್ತು ನಾನೂರು ವರ್ಷ ಹಿಂದಿನ ಚಿತ್ರಕಾರ ಎಲ್ ಗ್ರೆಕೊ ಬರೆದ, ಯೇಸುವಿನ ತಾಯಿ ಮೇರಿಯ ಚಿತ್ರದ ಮುಂದೆ ನಿಂತೆ. ಮೋಡದ ಮೇಲೆ ದೇವದೂತ, ಬೆಳಕಿನಲ್ಲಿ ಇಳಿದು ಬರುವ ಪಾರಿವಾಳ, ಕತ್ತೆತ್ತಿ ನೋಡುವ ಮೇರಿ. ಇದನ್ನೂ ಪ್ಯಾರಿಸ್‌ನಲ್ಲಿ ಹುಡುಕಿದ್ದು ಕೊಜಿಮಾ ಅವರೇ.

ದುಡ್ಡಿದ್ದವರಿಗೆ ಇದೆಲ್ಲ ಸುಲಭ ಅಂತ ಒಬ್ಬರು ರೈಲಿನಲ್ಲಿ ವಾದಕ್ಕೆ ಬಂದರು. ದುಡ್ಡು ಬೇಕು, ಒಪ್ಪಿದೆ. ದುಡ್ಡಿದ್ದವರು ತಮ್ಮ ಮನೆ ಗೋಡೆಗೆ ಕೊಳ್ಳುವುದೇ ಜಾಸ್ತಿ. ಸ್ವಂತ ಕುಂಚ ಬದಿಗಿಟ್ಟು ಊರಿನವರಿಗಾಗಿ ಅಂಗಡಿ ಅಂಗಡಿ ಅಲೆದ ಚಿತ್ರಕಾರರು ಎಷ್ಟು ಜನ?

ಕೊಜಿಮಾ ಅವರೇ ಬರೆದದ್ದೂ ಅಲ್ಲಿದೆ. ಜಪಾನಿನ ಉಡುಪು ಕಿಮೋನೊ ಉಟ್ಟ ಬೆಲ್ಜಿಯಂ ಹುಡುಗಿ. ಹತ್ತಿರ ಹೋದರೆ ಬರೀ ದಪ್ಪ ಬಣ್ಣದ ಗೀಟುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ರೇಷ್ಮೆ. ನನಗೆ ಕಣ್ಣು ತುಂಬಿ ಬಂತು. ಯುರೋಪಿನದೋ ಜಪಾನಿನದೋ, ಹೇಳಿ ನೋಡೋಣ?

ಅವರು 1929ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು. ಅವರ ನೆನಪಿಗೆ ಓಹಾರಾ ಮರುವರ್ಷ ಈ ಮ್ಯೂಸಿಯಂ ತೆರೆದರು. ತಾವು ತಂದ ಚಿತ್ರಗಳು ಇಲ್ಲಿ ನೆಲೆ ನಿಂತದ್ದನ್ನು ಕೊಜಿಮಾ ನೋಡಲೇ ಇಲ್ಲ.

ಕರಕುಶಲ ವಸ್ತುಗಳ ವಿಭಾಗದ ಅಂಗಳದಲ್ಲಿ ಒಂದು ಕೊಳ ಇದೆ. ಫ್ರಾನ್ಸಿನ ಜಿವರ್ನಿ ಹಳ್ಳಿಯಲ್ಲಿ ಮೋನೆಯ ಮನೆಯಲ್ಲಿರುವ ಕೊಳದಿಂದ ತಂದ ನೈದಿಲೆ ಅದರಲ್ಲಿ ಬೆಳೆದಿದೆ. ಸುಮ್ನೆ ಅದರ ಪಕ್ಕ ಕೂತಿದ್ದೆ. ಹೊರಗೆ ಕಾಯುತ್ತಿದ್ದವರು ಮೂರು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.