ಕುನ್ಮಿಂಗ್ ಕಥೆ 2012ರಿಂದ ಶುರುವಾಗಿದ್ದಲ್ಲ
ಚೀನಾದ ಕುನ್ಮಿಂಗ್ ನಗರದ ವಿಮಾನಗಳ ಕಥೆ 2012ರ ಜೂನ್‌ನಲ್ಲಿ ಚಾಂಗ್‌ಶುಯಿ ನಿಲ್ದಾಣದಿಂದಲೇ ಶುರುವಾಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ. ಅದಕ್ಕೂ ಮೊದಲು ಇದ್ದ ವುಜಿಯಾಬಾ ನಿಲ್ದಾಣವನ್ನು ಮರೆತರೆ ಹೇಗೆ? ಎರಡನೇ ಮಹಾಯುದ್ಧದಲ್ಲಿ ಚೀನಾಕ್ಕೆ ಸರಕು ಸಾಗಿಸುತ್ತಿದ್ದ ಬರ್ಮಾ ರಸ್ತೆ ಬಂದ್ ಆದ ಮೇಲೆ, 1942ರಿಂದ ನಮ್ಮ ಅಸ್ಸಾಂನ ಚಬುವಾ, ದಿಂಜಾನ್‌ನಿಂದ ಹೊರಟ ವಿಮಾನಗಳು ಪೆಟ್ರೋಲ್, ಮದ್ದುಗುಂಡು ಹೊತ್ತು ಹಿಮಾಲಯದ ಪೂರ್ವದ ತುದಿ ದಾಟಿ ಕುನ್ಮಿಂಗ್‌ಗೆ ಬರುತ್ತಿದ್ದವು. ಎಷ್ಟೋ ಪೈಲಟ್‌ಗಳು ಆ ಬೆಟ್ಟಗಳಲ್ಲೇ ಉಳಿದುಹೋದರು. ಕೋಲ್ಕತ್ತದಿಂದ ಹೋಗಿ ಚಾಂಗ್‌ಶುಯಿಯಲ್ಲಿ ಇಳಿದಾಗ, ಚಾವಣಿ ಹೊತ್ತ ಚಿನ್ನದ ಬಣ್ಣದ ಉಕ್ಕಿನ ಕಮಾನುಗಳನ್ನು ನಾನೂ ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟಿದ್ದೆ. ರಿಬ್ಬನ್‌ನಂತೆ ಬಳುಕುತ್ತವೆ, ತುಂಬಾ ಚೆಂದ. ಆದರೆ ವುಜಿಯಾಬಾಕ್ಕೆ ಒಂದು ಪ್ಯಾರಾ ಆದರೂ ಕೊಡಬೇಕಿತ್ತು, ಅಲ್ವಾ?