ಸೊನ್ನೆಗೊಂದು ಸೈಲೆನ್ಸರ್

ಇಂಜಿನ್‌ನಲ್ಲಿ ಹೈಡ್ರೋಜನ್ ಉರಿಸಿ ಓಡುವ ಶೂನ್ಯ ಮಾಲಿನ್ಯದ ಲಾರಿಗೆ ಸೈಲೆನ್ಸರ್ ಯಾಕೆ ಎಂದು ಕೇಳುವವರು ಐರೋಪ್ಯ ಒಕ್ಕೂಟದ 2019ರ ನಿಯಮ ಓದಿಲ್ಲ. ಭಾರಿ ವಾಹನದಲ್ಲಿ ಇಂಜಿನ್ ಇದ್ದರೂ ಚಿಂತೆಯಿಲ್ಲ, ಕಿಲೋವ್ಯಾಟ್-ಗಂಟೆಗೆ 1 ಗ್ರಾಂಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಅದು ಶೂನ್ಯವೇ ಎಂದಿತ್ತು ಅದು (2024ರಲ್ಲಿ ಈ ವ್ಯಾಖ್ಯೆ ಬದಲಾಯಿತು). ಹೈಡ್ರೋಜನ್‌ನಲ್ಲಿ ಇಂಗಾಲವೇ ಇಲ್ಲವಲ್ಲ, ಪರೀಕ್ಷೆಗೆ ಮುಂಚೆಯೇ ಪಾಸು!

ಈ ನಿಯಮ ಓದದ ಇನ್ನೊಬ್ಬ ಮಹಾಶಯ ಸಾರಜನಕ. ಗಾಳಿಯಲ್ಲಿ ಶೇ 78ರಷ್ಟಿರುವ ಇದು, ಸಿಲಿಂಡರ್ ಕಾದೊಡನೆ ಆಮ್ಲಜನಕದೊಂದಿಗೆ ಸೇರಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಆಗುತ್ತದೆ. ಉರಿಯುತ್ತಿರುವುದು ಡೀಸೆಲ್ಲೋ ಹೈಡ್ರೋಜನ್ನೋ, ಅದಕ್ಕೆ ಎಲ್ಲವೂ ಒಂದೇ. ಮದ್ದಿಲ್ಲವೆಂದಲ್ಲ. ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿ ತುಂಬಿ ತೆಳುವಾಗಿ ಉರಿಸಿದರೆ ಜ್ವಾಲೆಯ ಬಿಸಿ ಇಳಿಯುತ್ತದೆ, ಆಕ್ಸೈಡೂ ಇಳಿಯುತ್ತದೆ. ಕಸುವೂ ಇಳಿಯುವುದರಿಂದ ಗಾಳಿಯನ್ನು ಒತ್ತಿ ತುಂಬುವ ದೊಡ್ಡ ಟರ್ಬೊ ಬೇಕು. ಏರು ಬಂದು ಚಾಲಕ ಆಕ್ಸಿಲರೇಟರ್ ತುಳಿದ ಅನ್ನಿ. ಟರ್ಬೊ ವೇಗ ಹಿಡಿಯುವಷ್ಟರಲ್ಲಿ ಮಿಶ್ರಣದಲ್ಲಿ ಹೈಡ್ರೋಜನ್ ಪಾಲು ಹೆಚ್ಚಿ, ಆಕ್ಸೈಡ್ ನೆಗೆದಿರುತ್ತದೆ.

ಹಾಗಾಗಿ ಶೂನ್ಯದ ಹಿಂದೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟ್ ಪೆಟ್ಟಿಗೆ, ಪಕ್ಕದಲ್ಲಿ ಯೂರಿಯಾ ಟ್ಯಾಂಕ್: ಡೀಸೆಲ್ ಲಾರಿಯ ಅದೇ ಸಂಸಾರ. ಶೇ 32.5ರ ಯೂರಿಯಾ ದ್ರಾವಣವನ್ನು ಬಿಸಿ ಹೊಗೆಗೆ ಚಿಮ್ಮಿದರೆ ಅಮೋನಿಯಾ ಹುಟ್ಟಿ ಆಕ್ಸೈಡನ್ನು ಮುರಿಯುತ್ತದೆ. ಅಮೋನಿಯಾದ ಜೊತೆ ಹುಟ್ಟುವುದು ಯಾವುದು ಗೊತ್ತೇ? ಕಾರ್ಬನ್ ಡೈಆಕ್ಸೈಡ್! ಪಿಸ್ಟನ್ ರಿಂಗ್ ದಾಟಿ ಉರಿಯುವ ಇಂಜಿನ್ ಆಯಿಲ್‌ನದೂ ಒಂದಿಷ್ಟು. ಆ 1 ಗ್ರಾಂ ವಿನಾಯಿತಿ ಇಲ್ಲಿ ಕೈಹಿಡಿಯುತ್ತಿತ್ತು. ತೆಳು ಮಿಶ್ರಣದಿಂದ ಹೊಗೆಯೂ ತಣ್ಣಗಾಗಿ, ಸುಮಾರು 200 ಡಿಗ್ರಿ ತಲುಪದೆ ಕ್ಯಾಟಲಿಸ್ಟ್ ಸರಿಯಾಗಿ ಕೆಲಸಕ್ಕಿಳಿಯುವುದಿಲ್ಲ. ಅದು ಬೇರೆ ಕಥೆ.

ಹೈಡ್ರೋಜನ್‌ಗೆ ಬೆಂಕಿ ಹತ್ತಲು 0.02 ಮಿಲಿಜೂಲ್ ಸಾಕು, ಪೆಟ್ರೋಲ್‌ಗೆ 0.24 ಬೇಕು. ಕಾದ ಪ್ಲಗ್ ತುದಿ, ಎಕ್ಸಾಸ್ಟ್ ವಾಲ್ವ್ ಅಂಚು, ಆಯಿಲ್ ಸುಟ್ಟ ಕರಿ, ಯಾವುದಾದರೂ ನಡೆಯುತ್ತದೆ. ಗಾಳಿ ಒಳಬರುವ ಇಂಟೇಕ್ ಕೊಳವೆಯಲ್ಲೇ ಅನಿಲ ಬಿಟ್ಟರೆ ಬೆಂಕಿ ಅಲ್ಲಿಗೇ ಹಿಮ್ಮೆಟ್ಟಿ ಢಂ ಎನ್ನುತ್ತದೆ. ನೇರ ಸಿಲಿಂಡರ್‌ಗೆ ಚುಚ್ಚೋಣವೆಂದರೆ, ಜಿಡ್ಡೇ ಇಲ್ಲದ ಈ ಅನಿಲದಿಂದ ಇಂಜೆಕ್ಟರ್ ಸವೆಯುತ್ತದೆ.

ಇಷ್ಟೆಲ್ಲ ಸಾಹಸದ ಲೆಕ್ಕ ಇಷ್ಟು: ನೀರನ್ನು ಒಡೆದು 1 ಕೆ.ಜಿ. ಹೈಡ್ರೋಜನ್ ಮಾಡಲು ಸುಮಾರು 55 ಯೂನಿಟ್ ವಿದ್ಯುತ್, ಅದರೊಳಗೆ ಉಳಿಯುವುದು 33, ಶೇ 40ರ ದಕ್ಷತೆಯ ಇಂಜಿನ್‌ನಿಂದ ಹೊರಬರುವುದು 13. ಬ್ಯಾಟರಿಗೆ ತುಂಬಿದ್ದರೆ ಮೂರು ಪಟ್ಟು ದೂರ ಹೋಗಬಹುದಿತ್ತು. ಆದರೆ ಅದರಲ್ಲಿ ಗುಡುಗುಟ್ಟುವ ಸದ್ದೆಲ್ಲಿ?

ಈ ದಾರಿಯಲ್ಲಿ ನಿಜವಾದ ಸೊನ್ನೆಯನ್ನು ಮುಟ್ಟಿದ್ದು ಬಿಎಂಡಬ್ಲ್ಯು ಹೈಡ್ರೋಜನ್ 7 ಕಾರು. ಹನ್ನೆರಡು ಸಿಲಿಂಡರು, ಮೈನಸ್ 253 ಡಿಗ್ರಿಯ ದ್ರವ ಇಂಧನ. ಅರ್ಧ ತುಂಬಿದ ಟ್ಯಾಂಕ್, ಕಾರನ್ನು ಸುಮ್ಮನೆ ನಿಲ್ಲಿಸಿದ್ದರೂ, ಸುಮಾರು 9 ದಿನದಲ್ಲಿ ಆವಿಯಾಗಿ ಬಹುತೇಕ ಬರಿದಾಗುತ್ತಿತ್ತು. ಹತ್ತನೆಯ ದಿನ, ಆವಿಯಾಗಿ ಹೋದ ಆ ಹೈಡ್ರೋಜನ್‌ನಿಂದ ಒಂದು ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಹೊರಡಿಸಿ, ನೋಡೋಣ!