ಪೋಷಕಾಂಶದ ಪಟ್ಟಿ ನೋಡಿ ಉಣ್ಣಬೇಕೇ?

ಯಾವ ಆಹಾರದಲ್ಲಿ ಏನು ಎಷ್ಟಿದೆ ಎಂದು ದೇಶಗಳು ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟಿವೆ. ಆ ಅಂಕಿಗಳನ್ನು ನಂಬಿ ಊಟ ತೀರ್ಮಾನಿಸಬಹುದೇ? ಆಸ್ಪತ್ರೆಯಲ್ಲಿ ಪಥ್ಯ ಹೇಳುವವರೊಬ್ಬರು, ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದವರೊಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಡಯಾಲಿಸಿಸ್ ವಾರ್ಡಿಗೆ ಒಮ್ಮೆ ಬನ್ನಿ

ನಮ್ಮ ವಾರ್ಡಿನಲ್ಲಿ ಬಹಳ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಮೇಡಂ, ಬಾಳೆಹಣ್ಣು ತಿನ್ನಬಹುದಾ?" ಕಿಡ್ನಿ ಕೈಕೊಟ್ಟವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹೋಗುವುದಿಲ್ಲ. ಅದು ರಕ್ತದಲ್ಲಿ ಜಾಸ್ತಿಯಾದರೆ ಎದೆಬಡಿತ ತಪ್ಪುತ್ತದೆ, ಹೃದಯ ನಿಂತೂ ಹೋಗಬಹುದು. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಸೇಬಿನಲ್ಲಿ 100ರ ಆಸುಪಾಸು. ಎರಡೂ ಹಣ್ಣೇ, ಎರಡೂ ಆರೋಗ್ಯಕ್ಕೆ ಒಳ್ಳೇದೇ. ಈ ವ್ಯತ್ಯಾಸ ನಾಲಿಗೆಗೆ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಯಾವ ಅಜ್ಜಿಯೂ ಹೇಳಲಾರಳು. ಪಟ್ಟಿ ಹೇಳುತ್ತದೆ.

ಅಜ್ಜಿಯನ್ನು ಸುಮ್ನೆ ಎಳೆದು ತರಲಿಲ್ಲ. ಪಟ್ಟಿ ಬೇಡ ಅನ್ನುವವರ ವಾದ ಎಲ್ಲಿ ಶುರುವಾದರೂ ಕೊನೆಗೆ ಅಲ್ಲಿಗೇ ಬರುತ್ತದೆ. "ಹಿಂದಿನವರು ಯಾವ ಪಟ್ಟಿ ನೋಡಿ ಉಂಡರು?" ಸರಿ. ಹಿಂದಿನವರು ಕಿಡ್ನಿ ಹೋದ ಮೇಲೆ ಎಷ್ಟು ದಿನ ಬದುಕುತ್ತಿದ್ದರು ಅಂತಲೂ ಕೇಳಿಬಿಡಿ.

ಈ ಅಂಕಿಗಳು ಯಾರೋ ಕೂತು ಊಹಿಸಿದವಲ್ಲ. ಅಮೆರಿಕದಲ್ಲಿ ಆಟ್‌ವಾಟರ್ ಎಂಬ ರಸಾಯನ ವಿಜ್ಞಾನಿ ತಮ್ಮ ದೊಡ್ಡ ಪಟ್ಟಿಯನ್ನು 1896ರಲ್ಲಿ ಪ್ರಕಟಿಸಿದರು. ನನಗೆ ಜಾಸ್ತಿ ಇಷ್ಟ ಎಲ್ಸಿ ವಿಡೋಸನ್ ಅವರ ಕಥೆ. 1933ರಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಥ್ಯದ ಅಡುಗೆ ಕಲಿಯುತ್ತಿದ್ದರು. ಮೆಕ್ಯಾನ್ಸ್ ಎಂಬ ಡಾಕ್ಟರು ಮಾಂಸ ಬೇಯಿಸಿ ಪರೀಕ್ಷೆ ಮಾಡಲು ಅಲ್ಲಿಗೇ ಬರುತ್ತಿದ್ದರು. ಹಣ್ಣುಗಳ ಸಕ್ಕರೆ ಬಗ್ಗೆ ನೀವು ಪ್ರಕಟಿಸಿದ ಅಂಕಿಗಳು ತಪ್ಪು, ಪರೀಕ್ಷೆಯ ಆಮ್ಲದಲ್ಲಿ ಫ್ರಕ್ಟೋಸ್ ಒಂದಿಷ್ಟು ಹಾಳಾಗಿದೆ ಎಂದು ಆ ಹುಡುಗಿ ಆತನಿಗೇ ಹೇಳಿದರು. ಡಾಕ್ಟರು ಸಿಟ್ಟಾಗಲಿಲ್ಲ. ಹಾಗಾದರೆ ನೀವೇ ಸರಿಮಾಡಿ ಎಂದು ಧನಸಹಾಯ ಕೊಡಿಸಿದರು. ಬ್ರಿಟನ್ನಿನ ಪಟ್ಟಿಯನ್ನು 1940ರಲ್ಲಿ ಹೊರತಂದವರು ಅವರಿಬ್ಬರೇ. ತಪ್ಪು ಕಂಡ ಕೂಡಲೇ ತಿದ್ದುವ ಅಭ್ಯಾಸ ಆಗಿನಿಂದಲೇ ಇದೆ.

ಒಂದು ದೇಶದ ಪಟ್ಟಿಯನ್ನೇ ಎಲ್ಲರೂ ಬಳಸಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಫಿನ್ಲೆಂಡಿನ ಮಣ್ಣಿನಲ್ಲಿ ಬೆಳೆಗೆ ಸಿಗುವ ಸೆಲೆನಿಯಂ, ಅಂದರೆ ಮೈಗೆ ಚೂರೇ ಚೂರು ಬೇಕಾಗುವ ಒಂದು ಖನಿಜ, ತೀರಾ ಕಡಿಮೆ. ಹಾಗಾಗಿ ಅಲ್ಲಿನ ಗೋಧಿಯಲ್ಲೂ ಕಡಿಮೆ, ಆ ಮೇವು ತಿಂದ ಹಸುವಿನ ಹಾಲಿನಲ್ಲೂ ಕಡಿಮೆ. ಅಳೆದು ನೋಡಿದ್ದರಿಂದ ಇದು ಗೊತ್ತಾಯಿತು. 1985ರಿಂದ ಅಲ್ಲಿ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸಲು ಶುರುಮಾಡಿದರು. ಧಾನ್ಯ, ಹಾಲು, ಮಾಂಸ ಎಲ್ಲದರಲ್ಲೂ ಅದು ಏರಿತು, ಜನರ ರಕ್ತದಲ್ಲೂ ಏರಿತು. ತಮ್ಮ ನೆಲದ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಇದನ್ನು ಹೇಗೆ ಮಾಡುತ್ತಿದ್ದರು?

ಪಾಲಕ್ ಸೊಪ್ಪಿನ ಕಬ್ಬಿಣದ ಲೆಕ್ಕದಲ್ಲಿ ದಶಮಾಂಶ ಬಿಂದು ತಪ್ಪಿ ಅಂಕಿ ಹತ್ತು ಪಟ್ಟಾಗಿತ್ತಂತೆ ಎಂಬ ಕಥೆಯನ್ನು ನನ್ನ ಎದುರಾಳಿ ಬಹುಶಃ ತೆಗೆಯುತ್ತಾರೆ. ಆ ಕಥೆಯ ಬೆನ್ನು ಹತ್ತಿದವರಿಗೆ ಅಂಥ ಬಿಂದು ಎಲ್ಲೂ ಸಿಗಲಿಲ್ಲ. ಆಮೇಲೆ "ಇವೆಲ್ಲ ಬರೀ ಸರಾಸರಿ" ಅನ್ನುತ್ತಾರೆ. ಹಾಗೆ ಅನ್ನುವವರು ಡಾಕ್ಟರ ಹತ್ತಿರ ಹೋದಾಗ ಬಿಪಿ ಅಳೆಯಬೇಡಿ, ಮುಖ ನೋಡಿ ಹೇಳಿ ಅನ್ನುತ್ತಾರಾ?

ಎಡವಟ್ಟು ಆಗುವುದು ಪಟ್ಟಿಯಲ್ಲಿ ಅಲ್ಲ, ಓದುವುದರಲ್ಲಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟ್. ಬೆಂದು ನೀರು ಕುಡಿದ ಮೇಲೆ 100 ಗ್ರಾಂ ಅನ್ನದಲ್ಲಿ 28ರಷ್ಟು. ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗನೊಬ್ಬ ತಟ್ಟೆಯಲ್ಲಿರುವ ಅನ್ನಕ್ಕೆ ಅಕ್ಕಿಯ ಸಾಲು ನೋಡಿದರೆ ಔಷಧಿ ಮೂರು ಪಟ್ಟು ಹತ್ತಿರ ಬೀಳುತ್ತದೆ. ಸಕ್ಕರೆ ಇಳಿದು ಕುಸಿದುಬೀಳುತ್ತಾನೆ. ಸರಿಯಾದ ಸಾಲು ನೋಡುವುದನ್ನು ಕಲಿಸೋಣ. ಪಟ್ಟಿ ಎಸೆದರೆ ಏನು ಬಂತು?

ನಮ್ಮಲ್ಲಿಗೆ ಬರುವ ಹಿರಿಯರೊಬ್ಬರಿಗೆ ಆಲೂಗಡ್ಡೆ ಎಂದರೆ ಪ್ರಾಣ. ಅದರಲ್ಲಿ ಪೊಟ್ಯಾಸಿಯಂ ಬಾಳೆಹಣ್ಣಿಗಿಂತ ಜಾಸ್ತಿಯೇ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಬೇಯಿಸಿ ನೀರು ಚೆಲ್ಲಿದರೆ ಅದು ಸಾಕಷ್ಟು ಇಳಿಯುತ್ತದೆ. ಅವರ ಹೆಂಡತಿ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಎಡಗಡೆ ತಿನ್ನಬಹುದಾದದ್ದು, ಬಲಗಡೆ ಗ್ರಾಂ ಲೆಕ್ಕ. ವಾರಕ್ಕೊಮ್ಮೆ ಸ್ವಲ್ಪ ಆಲೂಗಡ್ಡೆ ಸಿಗುತ್ತದೆ, ಮನುಷ್ಯ ಖುಷಿಯಾಗಿದ್ದಾರೆ. ನೀರು ಚೆಲ್ಲುವುದಕ್ಕೆ ಮಾತ್ರ ಆಕೆಗೆ ಇನ್ನೂ ಮನಸ್ಸು ಬರುವುದಿಲ್ಲ. "ಸತ್ವ ಎಲ್ಲಾ ಹೋಗುತ್ತಲ್ಲ ಮೇಡಂ" ಅನ್ನುತ್ತಾರೆ. ಹೋಗಲಿ ಅಂತಲೇ ಚೆಲ್ಲೋದು ತಾಯಿ!

ವಿರೋಧ: ಅಂಕಿ ಇರಲಿ, ಅಷ್ಟು ನಂಬಿಕೆ ಬೇಡ

ಪರ ಬರೆಯಲು ಜನ ಸಿಕ್ಕಿದ್ದಾರೆ, ವಿರೋಧ ನೀವು ಬರೆದುಕೊಡಿ ಎಂದು ಸಂಪಾದಕರು ಫೋನ್ ಮಾಡಿದರು. ಈ ಪಟ್ಟಿಗಳಿಂದಲೇ ಸಂಬಳ ತಿಂದವನು ನಾನು. ಪೂರ್ತಿ ವಿರೋಧ ನನ್ನಿಂದ ಆಗದು. ಒಪ್ಪಿಕೊಂಡಾಗಿದೆ, ಆದಷ್ಟು ಹೇಳುತ್ತೇನೆ. ರೋಗಿಗಳ ವಿಷಯ ಬಿಡಿ, ಅದು ಆಸ್ಪತ್ರೆಯವರ ಲೆಕ್ಕ. ನಾನು ಮಾತಾಡುತ್ತಿರುವುದು ಗಟ್ಟಿಮುಟ್ಟಾಗಿದ್ದೂ ಪ್ರತಿ ತುತ್ತಿಗೆ ಅಂಕಿ ಹಚ್ಚುವವರ ಬಗ್ಗೆ.

ಅಂಕಿ ಹುಟ್ಟುವುದು ಹೇಗೆ ಅಂತ ಮೊದಲು ನೋಡಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕ ಅಳೆದು 6.25ರಿಂದ ಗುಣಿಸುತ್ತೇವೆ, ಹಾಲಾದರೆ 6.38ರಿಂದ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಹಾಕಿದವರು ನೆಚ್ಚಿಕೊಂಡದ್ದು ಈ ಗುಣಾಕಾರವನ್ನೇ. ಮೆಲಮೈನ್ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕ. ಪರೀಕ್ಷೆಯಲ್ಲಿ ಪ್ರೋಟೀನ್ ಭರ್ತಿಯಾಗಿ ಕಂಡಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು.

ಕಾರ್ಬೋಹೈಡ್ರೇಟ್ ಕಥೆ ಇನ್ನೂ ಚೆಂದ. ಎಷ್ಟೋ ಪಟ್ಟಿಗಳಲ್ಲಿ ಅದನ್ನು ಅಳೆದೇ ಇರುವುದಿಲ್ಲ. ಮಾದರಿಯನ್ನು ಒಣಗಿಸಿ ನೀರು ಎಷ್ಟು ಹೋಯಿತು ನೋಡುತ್ತೇವೆ. ಕೊಬ್ಬು ತೆಗೆಯುತ್ತೇವೆ. ಸುಟ್ಟು ಬೂದಿ ತೂಗುತ್ತೇವೆ. ಇವಕ್ಕೆ ಪ್ರೋಟೀನ್ ಸೇರಿಸಿ 100ರಿಂದ ಕಳೆದರೆ ಉಳಿದದ್ದು ಕಾರ್ಬೋಹೈಡ್ರೇಟ್. ಅಂದರೆ ಉಳಿದ ನಾಲ್ಕೂ ಕಡೆಯ ತಪ್ಪುಗಳು ಬಂದು ಬೀಳುವುದು ಅಲ್ಲಿಗೆ.

ಆಮೇಲೆ ಕ್ಯಾಲೊರಿ. ಪ್ರೋಟೀನಿಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಎಂದು ಗುಣಿಸುವ ಆಟ್‌ವಾಟರ್ ಕಾಲದ ಲೆಕ್ಕ ಇಂದಿಗೂ ನಡೆಯುತ್ತಿದೆ. ಅದರ ಪ್ರಕಾರ 28 ಗ್ರಾಂ ಬಾದಾಮಿಯಲ್ಲಿ 170ರ ಹತ್ತಿರ ಕ್ಯಾಲೊರಿ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ಬಾದಾಮಿ ತಿನ್ನಿಸಿ, ಮೈಯಿಂದ ಹೊರಹೋದದ್ದನ್ನೆಲ್ಲ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಂಕಿ 129. ಕಾಳಿನ ಕೋಶಗಳೊಳಗೆ ಸಿಕ್ಕಿಕೊಂಡ ಕೊಬ್ಬು ಕರಗದೆ ಹಾಗೇ ಹೊರಟುಹೋಗುತ್ತದೆ.

ಅದೇ ವರ್ಷ ಅದೇ ಇಲಾಖೆ ತನ್ನ ಆಂಟಿಆಕ್ಸಿಡೆಂಟ್ ಪಟ್ಟಿಯನ್ನು ವೆಬ್‌ಸೈಟಿನಿಂದ ತೆಗೆದೇ ಹಾಕಿತು. ಪರೀಕ್ಷಾ ನಳಿಕೆಯ ಆ ಅಂಕಿಗಳಿಗೂ ಮೈಯೊಳಗೆ ನಡೆಯುವುದಕ್ಕೂ ಸಂಬಂಧ ಸಾಬೀತಾಗಿರಲಿಲ್ಲ. ಕಂಪನಿಗಳು ಮಾತ್ರ ಅವನ್ನು ಡಬ್ಬಿಗಳ ಮಾರಾಟಕ್ಕೆ ಬಳಸುತ್ತಿದ್ದವು.

ಇನ್ನು ನಮ್ಮ ಭಾವನ ವಿಷಯ. ಅವರು ಊಟ ಮಾಡುವುದು ಆ್ಯಪ್ ಜೊತೆ. ಹೋದ ತಿಂಗಳು ನಮ್ಮ ಮನೆಗೆ ಬಂದಾಗ ಆಮ್ಲೆಟ್ ಹಾಕಿಕೊಟ್ಟೆ. ತಿನ್ನುವ ಮೊದಲು ಮೊಬೈಲ್ ತೆಗೆದು 'ಆಮ್ಲೆಟ್' ಎಂದು ಹುಡುಕಿದರು. ಹತ್ತಾರು ಸಾಲು ಬಂದವು, ಬಹಳಷ್ಟು ಯಾರ್ಯಾರೋ ಬಳಕೆದಾರರು ತುಂಬಿದಂಥವು. ಭಾವ ಬೆರಳಲ್ಲಿ ಎಳೆಯುತ್ತಾ ಹೋಗಿ ಎಲ್ಲಕ್ಕಿಂತ ಕಡಿಮೆ ಇರುವುದನ್ನು ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ಎಣ್ಣೆ ಎಷ್ಟು ಹಾಕಿದೆ?" ಅಂದರು. ಬಾಟಲಿಯಿಂದ ಸುರಿದದ್ದು ಎಂದೆ. ಮುಖ ಸಪ್ಪಗಾಯಿತು. "ಐದು ಗ್ರಾಂ ಅಂತ ಹಾಕ್ಕೊಳ್ರಿ, ತಣ್ಣಗಾಗ್ತಿದೆ" ಎಂದು ಅಕ್ಕ ರೇಗಿದಳು. ಹಾಕಿಕೊಂಡರು. ಮೊಟ್ಟೆ ದೊಡ್ಡದೋ ಸಣ್ಣದೋ ಅಂತ ಯಾರೂ ಕೇಳಲಿಲ್ಲ. ಈರುಳ್ಳಿ ಲೆಕ್ಕಕ್ಕೇ ಬರಲಿಲ್ಲ.

ಒಳ್ಳೆಯ ಪಟ್ಟಿಗಳಲ್ಲಿ ಸರಾಸರಿಯ ಪಕ್ಕದಲ್ಲೇ ಏರಿಳಿತ ಎಷ್ಟೆಂದೂ ಕೊಟ್ಟಿರುತ್ತಾರೆ. 528 ಆಹಾರಗಳಿರುವ ಭಾರತದ 2017ರ ಪಟ್ಟಿಯಲ್ಲೂ ಅದು ಇದೆ. ಆ್ಯಪಿನ ಪರದೆಗೆ ಬರುವಷ್ಟರಲ್ಲಿ ಅದು ಉದುರಿಹೋಗಿ ಒಂಟಿ ಅಂಕಿ ಉಳಿಯುತ್ತದೆ. ಅವತ್ತು ಭಾವನ ಮೊಬೈಲಿನಲ್ಲಿ ಬಂದದ್ದು 237. ಇನ್ನೂರರಿಂದ ಮುನ್ನೂರರೊಳಗೆ ಎಲ್ಲೋ ಎಂದಿದ್ದರೆ ನನಗೂ ಒಪ್ಪಿಗೆ. ನನ್ನ ತಕರಾರು ಇರುವುದು ಆ ಕೊನೆಯ ಏಳರ ಮೇಲೆ.